ನಿಮ್ಮ ವ್ಯಾಪಾರದ ವೆಬ್‌ಸೈಟ್: ಗೂಗಲ್‌ನಲ್ಲಿ ಕಾಣಿಸಬೇಕು, ಕೀಲಿಯೂ ಕೈಯಲ್ಲಿರಬೇಕು

ಈ ಪಾಠ ಸಣ್ಣ ವ್ಯಾಪಾರ ಮಾಡುವವರಿಗೆ, ಇಲ್ಲವೇ ಮಾಡಬೇಕು ಅಂತ ಯೋಚಿಸುತ್ತಿರುವವರಿಗೆ. ಬ್ಲೌಸ್ ಹೊಲಿಯುವವರು, ಸಂಗೀತ ಹೇಳಿಕೊಡುವವರು, ಮೆಹಂದಿ ಹಾಕುವವರು, ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುವವರು, ಗೃಹಪ್ರವೇಶ ನಾಮಕರಣಗಳಿಗೆ ಫೋಟೋ ತೆಗೆಯುವವರು, ಹೀಗೆ ಕಮ್ಮಿಂಗ್ ಸುತ್ತಮುತ್ತ ನಮ್ಮವರು ಕೈ ಹಾಕದ ಕೆಲಸವಿಲ್ಲ. ಇವರಲ್ಲಿ ಬಹಳ ಜನರ ವ್ಯಾಪಾರ ನಡೆಯುವುದು ವಾಟ್ಸಾಪ್ ಗುಂಪಿನಲ್ಲಿ. ಗುಂಪಿನಲ್ಲಿರುವ ಮನೆಗಳಿಗೆ ನಿಮ್ಮ ಹೆಸರು ಗೊತ್ತು, ಅದರಾಚೆ ಗೊತ್ತಿಲ್ಲ. ಮೊನ್ನೆ ತಾನೇ ಊರಿಗೆ ಬಂದವರು, ಕನ್ನಡ ಬಾರದ ಪಕ್ಕದ ಬೀದಿಯವರು, ಇವರೆಲ್ಲ ಫೋನ್ ತೆಗೆದು ಗೂಗಲ್ ಮಾಡುತ್ತಾರೆ. ಅಲ್ಲಿ ನೀವು ಕಾಣಬೇಕು. ಎಸ್‌ಇಒ ಅಂತ ದೊಡ್ಡ ಹೆಸರಿಟ್ಟು ಮಾರುವುದು ಇಷ್ಟನ್ನೇ.

ಆದರೆ ಕಾಣಿಸಿಕೊಳ್ಳುವ ಮಾತಿಗೆ ಮೊದಲು ಎರಡು ವಿಷಯ ಹೇಳಲೇಬೇಕು. ಒಂದು, ಕೆಲಸದ ಅನುಮತಿ. ಎರಡು, ಸೈಟಿನ ಕೀಲಿ ಯಾರ ಹತ್ತಿರ ಇದೆ ಅನ್ನುವುದು. ವೀಸಾ ಮೇಲೆ ಬದುಕುವ ನಮಗೆ ಕೆಲಸ, ಊರು, ಫೋನ್ ನಂಬರ್ ಯಾವುದೂ ಶಾಶ್ವತವಲ್ಲ. ಹಾಗಾಗಿ ಇಲ್ಲೇ ಹುಟ್ಟಿ ಬೆಳೆದವರಿಗೆ ಬರೆದ ಎಸ್‌ಇಒ ಪುಸ್ತಕಗಳಲ್ಲಿ ಈ ಎರಡು ಅಧ್ಯಾಯ ಇರುವುದಿಲ್ಲ.

ಸೈಟು ಅಂದರೆ ಬೀದಿಗೆ ಬೋರ್ಡು ಹಾಕಿದ ಹಾಗೆ

ಎಚ್-1ಬಿ ಇರುವವರು ಅರ್ಜಿ ಹಾಕಿದ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಎಚ್-4ನಲ್ಲಿ ಬಂದ ಗಂಡ ಅಥವಾ ಹೆಂಡತಿ ಇಎಡಿ ಕಾರ್ಡ್ ಇಲ್ಲದೆ ಸಂಪಾದನೆ ಮಾಡುವ ಹಾಗಿಲ್ಲ. 2015ರ ಮೇ 26ರಿಂದ ಕೆಲವು ಎಚ್-4ನವರಿಗೆ ಈ ಕಾರ್ಡ್ ಸಿಗುತ್ತಿದೆ. ಸಂಗಾತಿಯ ಐ-140 ಮಂಜೂರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಕಾರಣಕ್ಕೆ ಅವರ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ಕಾರ್ಡ್ ಕೈಗೆ ಬಂದ ಮೇಲೆ ಸ್ವಂತ ವ್ಯಾಪಾರ ಮಾಡಬಹುದು. ಕಾರ್ಡಿನ ಮೇಲಿನ ಕೊನೆಯ ದಿನಾಂಕ ಮುಗಿದರೆ ವ್ಯಾಪಾರವೂ ನಿಲ್ಲಬೇಕು.

ಇದಕ್ಕೂ ವೆಬ್‌ಸೈಟಿಗೂ ಏನು ಸಂಬಂಧ ಅಂತೀರಾ? ಸೈಟನ್ನು ಗಿರಾಕಿ ಮಾತ್ರ ಓದುವುದಿಲ್ಲ. 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ವೀಸಾ ಕೇಳುವವರೆಲ್ಲರ ಆನ್‌ಲೈನ್ ಇರುವಿಕೆಯನ್ನು ಕಾನ್ಸುಲೇಟಿನವರು ನೋಡುತ್ತಾರೆ. ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಿ ಅಂತ ಹೇಳಿದ್ದಾರೆ. ಈಗ ಯೋಚನೆ ಮಾಡಿ. ನಿಮ್ಮ ಕಾರ್ಡ್ ಬಂದದ್ದು 2022ರಲ್ಲಿ. ಸೈಟಿನ ನೆತ್ತಿಯ ಮೇಲೆ ಚೆಂದಕ್ಕೆ ಅಂತ '2019ರಿಂದ ನಿಮ್ಮ ಸೇವೆಯಲ್ಲಿ' ಅಂತ ಹಾಕಿಸಿದ್ದೀರಿ. 2019ರಲ್ಲಿ ನೀವು ಮಾಡಿದ್ದು ಅಕ್ಕಪಕ್ಕದವರಿಗೆ ಪುಕ್ಕಟೆ ಹೊಲಿಗೆ ಇರಬಹುದು, ಬೆಂಗಳೂರಿನ ಅನುಭವ ಇರಬಹುದು. ಓದುವ ಅಧಿಕಾರಿಗೆ ಅದು ಗೊತ್ತಾಗುವುದು ಹೇಗೆ? 'ಬೆಂಗಳೂರಿನಲ್ಲಿ ಹತ್ತು ವರ್ಷದ ಅನುಭವ' ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಗಿರಾಕಿಗೂ ನಂಬಿಕೆ, ನಿಮಗೂ ನಿಶ್ಚಿಂತೆ. ಹಳೆಯ ಪೋಸ್ಟುಗಳ ಬಗ್ಗೆ ಅನುಮಾನವಿದ್ದರೆ ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ. ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ. ಎಚ್-1ಬಿ ಯಜಮಾನರು ಸಂಜೆ ಹೊತ್ತು ಹೆಂಡತಿಯ ಸೈಟು ನಡೆಸಿಕೊಡಬಹುದೇ ಅನ್ನುವ ಪ್ರಶ್ನೆಯನ್ನೂ ಅವರ ಹತ್ತಿರವೇ ಕೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ಸಿಗುವ ಉತ್ತರ ನಂಬಬೇಡಿ.

ಅಡುಗೆಯವರಿಗೆ ಇನ್ನೊಂದು ಮಾತು. ಜಾರ್ಜಿಯಾದ ಕಾಟೇಜ್ ಫುಡ್ ನಿಯಮದಲ್ಲಿ ಮನೆಯಲ್ಲಿ ತಯಾರಿಸಿದ ಕೆಲವು ತಿನಿಸುಗಳ ಮಾರಾಟಕ್ಕೆ ಅವಕಾಶ ಇದೆ. ಅದು ಫ್ರಿಜ್ಜಿನಲ್ಲಿ ಇಡಬೇಕಾಗಿಲ್ಲದ, ಬೇಗ ಕೆಡದ ಪದಾರ್ಥಗಳಿಗೆ ಮಾತ್ರ. ಬಿಸಿಬೇಳೆ ಬಾತ್, ಸಾಂಬಾರು, ಮೊಸರನ್ನದ ಡಬ್ಬಿ ಇದರಲ್ಲಿ ಬರುವುದಿಲ್ಲ. ಮನೆಯ ಅಡುಗೆಮನೆಯಿಂದ ಊಟ ಕಳಿಸುತ್ತೇವೆ ಅಂತ ಸೈಟಿನಲ್ಲಿ ಮೆನು ಹಾಕಿದರೆ ನಿಯಮ ಮುರಿದ ಸಾಕ್ಷಿಯನ್ನು ನೀವೇ ಬರೆದು, ಗೂಗಲ್‌ಗೂ ಕೊಟ್ಟ ಹಾಗಾಯಿತು.

ಕೀಲಿ ಯಾರ ಕೈಲಿದೆ?

ಒಂದು ವೆಬ್‌ಸೈಟಿಗೆ ಮೂರು ಕೀಲಿ. ಡೊಮೇನ್, ಅಂದರೆ ಡಾಟ್ ಕಾಮ್ ಹೆಸರು; ಇದಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಹೋಸ್ಟಿಂಗ್, ಅಂದರೆ ಸೈಟಿನ ಪುಟಗಳು ಕೂತಿರುವ ಜಾಗ. ಮೂರನೆಯದು ಗೂಗಲ್ ಬಿಸಿನೆಸ್ ಪ್ರೊಫೈಲ್, ಮ್ಯಾಪಿನಲ್ಲಿ ನಿಮ್ಮ ಹೆಸರು, ಫೋನು, ನಕ್ಷತ್ರ ತೋರಿಸುವ ಪುಟ. ಈ ಮೂರೂ ಬೇರೆ ಬೇರೆ ಖಾತೆ. ಮೂರಕ್ಕೂ ಮಾಲೀಕರು ನೀವೇ ಆಗಿರಬೇಕು.

ಸಾಮಾನ್ಯವಾಗಿ ಆಗುವುದೇನು? ಗೆಳೆಯರೊಬ್ಬರು 'ನಾನು ಮಾಡಿಕೊಡ್ತೀನಿ ಬಿಡಿ' ಅಂತ ತಮ್ಮದೇ ಖಾತೆಯಲ್ಲಿ ಡೊಮೇನ್ ಕೊಂಡಿರುತ್ತಾರೆ. ಎರಡು ವರ್ಷಕ್ಕೆ ಅವರು ಡಲ್ಲಾಸಿಗೋ ಹೈದರಾಬಾದಿಗೋ ಹೋಗಿರುತ್ತಾರೆ, ಕಾರ್ಡ್ ಬದಲಾಗಿರುತ್ತದೆ, ರಿನ್ಯೂವಲ್ ದುಡ್ಡು ಹೋಗುವುದಿಲ್ಲ. ಡೊಮೇನ್ ಮಾರುವ ಕಂಪನಿ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ನೆನಪಿನ ಪತ್ರ ಕಳಿಸಬೇಕೆಂಬ ನಿಯಮವಿದೆ. ಆ ಪತ್ರ ಹೋಗುವುದು ಖಾತೆಯಲ್ಲಿರುವ ಇಮೇಲಿಗೆ, ನಿಮಗಲ್ಲ. ಡಾಟ್ ಕಾಮ್ ಹೆಸರು ಅಳಿಸಿಹೋದ ಮೇಲೂ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ, ಆದರೆ ಆಗ ಕಟ್ಟಬೇಕಾದ ದುಡ್ಡು ವರ್ಷದ ಶುಲ್ಕದ ಎಷ್ಟೋ ಪಟ್ಟು. ಅದೂ ದಾಟಿದರೆ ಹೆಸರು ಯಾರು ಬೇಕಾದರೂ ಕೊಳ್ಳಬಹುದು.

ಇದಕ್ಕಿಂತ ಕೆಟ್ಟದ್ದು ಆಫೀಸಿನ ಇಮೇಲ್. ಯಜಮಾನರ ಕಂಪನಿ ಇಮೇಲಿನಲ್ಲಿ ಖಾತೆ ತೆರೆದಿದ್ದರೆ, ಲೇಆಫ್ ಆದ ದಿನವೇ ಆ ಇಮೇಲ್ ಬಂದ್. ಎಚ್-1ಬಿ ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ ಸಿಗುತ್ತದೆ, ಇಮೇಲಿಗೆ ಒಂದು ಗಂಟೆಯೂ ಸಿಗುವುದಿಲ್ಲ. ಸ್ವಂತ ಜಿಮೇಲ್ ಒಂದನ್ನು ವ್ಯಾಪಾರಕ್ಕೆಂದೇ ಮಾಡಿಕೊಳ್ಳಿ. ಅದಕ್ಕೆ ಬರುವ ಭದ್ರತಾ ಕೋಡ್ ಕೇವಲ ಅಮೆರಿಕದ ಫೋನ್ ನಂಬರಿಗೆ ಮಾತ್ರ ಬರುವ ಹಾಗೆ ಇಡಬೇಡಿ. ದಿಢೀರ್ ಅಂತ ಊರಿಗೆ ಹೋಗಬೇಕಾಗಿ ಬಂದು, ಇಲ್ಲಿನ ನಂಬರ್ ಹೋದರೆ, ಬೆಂಗಳೂರಿನಲ್ಲಿ ಕೂತು ಒಳಗೆ ಹೋಗಲು ಆಗುವುದಿಲ್ಲ. ಆಥೆಂಟಿಕೇಟರ್ ಆಪ್ ಹಾಕಿಕೊಳ್ಳಿ, ಗೂಗಲ್ ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಜೊತೆ ಇಡಿ.

ಪುಕ್ಕಟೆ ಸೈಟು ಸಾಕಲ್ಲ ಅನ್ನುವವರಿಗೆ ಒಂದು ನಡೆದ ಸಂಗತಿ. ಗೂಗಲ್‌ನವರೇ ಬಿಸಿನೆಸ್ ಪ್ರೊಫೈಲ್ ಜೊತೆ ಒಂದು ಪುಕ್ಕಟೆ ವೆಬ್‌ಸೈಟ್ ಕೊಡುತ್ತಿದ್ದರು. ಲಕ್ಷಣವಾಗಿಯೇ ಇತ್ತು. 2024ರ ಮಾರ್ಚಿನಲ್ಲಿ ಅವನ್ನೆಲ್ಲ ಮುಚ್ಚಿದರು. ಹಳೆಯ ವಿಳಾಸ ಒತ್ತಿದರೆ ಪ್ರೊಫೈಲಿಗೆ ಹೋಗುವ ವ್ಯವಸ್ಥೆ ಜೂನ್ 10ರ ತನಕ ಇತ್ತು, ಆಮೇಲೆ ಅದೂ ಇಲ್ಲ. ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದವರ ಕಾರ್ಡೆಲ್ಲ ದಂಡವಾಯಿತು. ಸ್ವಂತ ಡೊಮೇನ್ ಇಟ್ಟುಕೊಂಡು ಅದನ್ನು ಆ ಪುಕ್ಕಟೆ ಸೈಟಿಗೆ ತೋರಿಸಿಕೊಂಡಿದ್ದವರು ಇನ್ನೊಂದು ಕಡೆಗೆ ತಿರುಗಿಸಿ ಆರಾಮಾಗಿದ್ದರು. ನನ್ನನ್ನು ಕೇಳಿದರೆ, ದುಡ್ಡು ಖರ್ಚು ಮಾಡಲೇಬೇಕಾದ ಜಾಗ ಡೊಮೇನ್ ಒಂದೇ. ಹೆಸರು ಆರಿಸುವಾಗ ಅದರೊಳಗೆ ಕಮ್ಮಿಂಗ್ ಅಂತ ಸೇರಿಸಬೇಡಿ. ನಾಳೆ ಷಾರ್ಲೆಟ್‌ಗೆ ಕೆಲಸ ಬದಲಾದರೆ ಆ ಹೆಸರು ಹೊತ್ತುಕೊಂಡು ಹೋಗುವ ಹಾಗಿಲ್ಲ.

ಕಮ್ಮಿಂಗ್ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

2020ರ ಜನಗಣತಿಯಲ್ಲಿ ಕಮ್ಮಿಂಗ್ ಪಟ್ಟಣದ ಜನಸಂಖ್ಯೆ 7,300ರ ಆಸುಪಾಸು. ಅದು ಕೇಂದ್ರವಾಗಿರುವ ಫೋರ್ಸೈತ್ ಕೌಂಟಿಯ ಜನಸಂಖ್ಯೆ ಎರಡೂವರೆ ಲಕ್ಷ. ಅಂಚೆ ವಿಳಾಸದಲ್ಲಿ ಕಮ್ಮಿಂಗ್ ಅಂತ ಬರೆಯುವವರಲ್ಲಿ ಬಹಳ ಮಂದಿ ಪಟ್ಟಣದ ಗಡಿಯೊಳಗೆ ಇಲ್ಲವೇ ಇಲ್ಲ. ಕೌಂಟಿಯ ದಕ್ಷಿಣದಲ್ಲಿ, 141 ರಸ್ತೆಯ ಆಜುಬಾಜು, ಒಂದೇ ಕೌಂಟಿಯಲ್ಲಿದ್ದೂ ಕೆಲವರ ವಿಳಾಸ ಸುವಾನಿ, ಕೆಲವರದು ಆಲ್ಫರೆಟಾ. ಪಕ್ಕದ ಫುಲ್ಟನ್ ಕೌಂಟಿಯ ಜಾನ್ಸ್ ಕ್ರೀಕ್‌ನವರಿಗೆ ಡುಲೂತ್ ಅಂತಲೂ ವಿಳಾಸ ಇರುತ್ತದೆ. ಗಿರಾಕಿ ಹುಡುಕುವುದು ತನ್ನ ವಿಳಾಸದ ಊರಿನ ಹೆಸರಿನಿಂದ. ನೀವು ಸೈಟಿನಲ್ಲಿ ಬರೆದಿರುವುದು ನಿಮ್ಮ ವಿಳಾಸದ ಊರನ್ನು ಮಾತ್ರ. ಎರಡಕ್ಕೂ ಹತ್ತು ನಿಮಿಷದ ದಾರಿಯಾದರೂ ಒಬ್ಬರಿಗೊಬ್ಬರು ಕಾಣುವುದಿಲ್ಲ.

ಊರಿನ ಹುಡುಕಾಟದಲ್ಲಿ ಗೂಗಲ್ ಮೂರು ವಿಷಯ ನೋಡುತ್ತದೆ: ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಹೊಂದುತ್ತದೆಯೇ, ಹುಡುಕುವವರಿಂದ ನೀವು ಎಷ್ಟು ದೂರ, ನಿಮ್ಮ ಹೆಸರು ಎಷ್ಟು ಜನಕ್ಕೆ ಗೊತ್ತು. ದೂರ ನಿಮ್ಮ ಕೈಲಿಲ್ಲ. ಉಳಿದೆರಡು ಇದೆ.

ಬಿಸಿನೆಸ್ ಪ್ರೊಫೈಲಿನಲ್ಲಿ ಮನೆಯ ವಿಳಾಸ ಎಲ್ಲರಿಗೂ ತೋರಿಸಬೇಕಾಗಿಲ್ಲ. ನೀವೇ ಗಿರಾಕಿಯ ಮನೆಗೆ ಹೋಗುವ ಕೆಲಸವಾದರೆ ವಿಳಾಸ ಮುಚ್ಚಿಟ್ಟು, ಸೇವೆ ಕೊಡುವ ಊರುಗಳನ್ನು ಹಾಕಬಹುದು. ಇಪ್ಪತ್ತು ಊರಿನವರೆಗೆ ಅವಕಾಶ ಇದೆ. ಇಪ್ಪತ್ತಿದೆ ಅಂತ ಇಡೀ ಜಾರ್ಜಿಯಾ ತುಂಬಿಸಬೇಡಿ, ನಿಜವಾಗಿ ಹೋಗುವ ಐದಾರು ಸಾಕು. ಪೋಸ್ಟ್ ಬಾಕ್ಸ್ ವಿಳಾಸ ನಡೆಯುವುದಿಲ್ಲ. ಮನೆಯಿಂದ ವ್ಯಾಪಾರಕ್ಕೆ ಕೌಂಟಿಯ ನಿಯಮ ಒಂದು, ನಿಮ್ಮ ಎಚ್‌ಒಎ ನಿಯಮ ಇನ್ನೊಂದು. ಗಿರಾಕಿಗಳನ್ನು ಮನೆಗೆ ಕರೆಯುವ ಮುಂಚೆ ಎರಡೂ ಓದಿಕೊಳ್ಳಿ. ಗೂಗಲ್ ಗುರುತು ಖಾತ್ರಿಗೆ ಬಹಳ ಸಲ ವಿಡಿಯೋ ಕೇಳುತ್ತದೆ: ಬೀದಿಯ ಹೆಸರಿನ ಫಲಕ, ನಿಮ್ಮ ಹೊಲಿಗೆ ಯಂತ್ರ, ವ್ಯಾಪಾರದ ಹೆಸರಿರುವ ಕಾಗದ. ಸೋಷಿಯಲ್ ಸೆಕ್ಯುರಿಟಿ ನಂಬರಾಗಲಿ ಬ್ಯಾಂಕ್ ಕಾಗದವಾಗಲಿ ಅದರಲ್ಲಿ ಕಾಣಬಾರದು.

ಹೆಸರು, ಊರು, ಫೋನು ಎಲ್ಲ ಕಡೆ ಒಂದೇ ಥರ ಇರಲಿ. ಕಮ್ಮಿಂಗ್ ಅನ್ನುವುದನ್ನು 'ಕಮ್ಮಿಂಗ್ಸ್' ಅಂತ ಬರೆಯುವ ರೂಢಿ ನಮ್ಮಲ್ಲಿ ಬಹಳ. ಪ್ರೊಫೈಲಿನಲ್ಲಿ ಒಂದು, ಸೈಟಿನಲ್ಲಿ ಇನ್ನೊಂದು ಆಗದಿರಲಿ. ವ್ಯಾಪಾರದ ಹೆಸರಿನ ಜಾಗದಲ್ಲಿ 'ಬೆಸ್ಟ್ ಇಂಡಿಯನ್ ಟೇಲರ್ ಕಮ್ಮಿಂಗ್ ಆಲ್ಫರೆಟಾ' ಅಂತ ಮಾಲೆ ಕಟ್ಟುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಅಮಾನತಾದರೆ ನಕ್ಷತ್ರಗಳೂ ಅದರ ಜೊತೆಗೇ ಮರೆಯಾಗುತ್ತವೆ.

ಗಿರಾಕಿಯ ಬಾಯಲ್ಲಿರುವ ಮಾತು

ಹೊಂದಿಕೆ ಅನ್ನುವುದು ಪೂರ್ತಿ ಮಾತಿನ ವಿಷಯ. ಇಲ್ಲಿ ನಮಗೊಂದು ವಿಶೇಷ ತೊಡಕಿದೆ, ಲಾಭವೂ ಇದೆ. ಸೀರೆ ಸೆರಗಿನ ತುದಿಗೆ ಕಟ್ಟುವುದಕ್ಕೆ ನಾವು ಕುಚ್ಚು ಅಂತೀವಿ. ತೆಲುಗಿನವರು ಕುಚ್ಚುಲು ಅಂದರೆ ಅರ್ಥವಾದೀತು. ಗುಜರಾತಿನಿಂದ ಬಂದವರು, ಇಲ್ಲೇ ಹುಟ್ಟಿದ ಹುಡುಗಿಯರು ಇಂಗ್ಲಿಷಿನಲ್ಲಿ 'ಸ್ಯಾರಿ ಟ್ಯಾಸೆಲ್ಸ್' ಅಂತ ಹುಡುಕುತ್ತಾರೆ. ಫಾಲ್ ಜೊತೆಗೆ ಅಂಚು ಹೊಲಿಯುವುದಕ್ಕೆ ನಮ್ಮಲ್ಲಿ ಕೆಲವರು ಜಿಗ್‌ಜಾಗ್ ಅಂದರೆ ಕೆಲವರು ಪಿಕೋ ಅಂತಾರೆ. ಅಮೆರಿಕನ್ ಗಿರಾಕಿಗೆ ಇದೆಲ್ಲ 'ಆಲ್ಟರೇಶನ್'. ನಿಮ್ಮ ಸೈಟಿನಲ್ಲಿ 'ಕುಚ್ಚು' ಒಂದೇ ಇದ್ದರೆ ನಾಲ್ಕರಲ್ಲಿ ಮೂರು ಜನ ನಿಮ್ಮನ್ನು ದಾಟಿಹೋಗುತ್ತಾರೆ. ಹೋಳಿಗೆಗೂ ಇದೇ ಕಥೆ: ನಮ್ಮಲ್ಲೇ ಅರ್ಧ ಜನಕ್ಕೆ ಒಬ್ಬಟ್ಟು, ತೆಲುಗಿನವರಿಗೆ ಬೊಬ್ಬಟ್ಲು, ಮರಾಠಿಯವರಿಗೆ ಪುರಣ್ ಪೋಳಿ.

ಈ ಹೆಸರುಗಳನ್ನೆಲ್ಲ ಒಂದು ಸಾಲಿನಲ್ಲಿ ರಾಶಿ ಹಾಕಿದರೆ ಓದಲು ಅಸಹ್ಯ, ಗೂಗಲ್‌ಗೂ ಬೇಡ. ಪುಟದ ಕೋಡಿನಲ್ಲಿ ಅಡಗಿಸಿ ಇಡುವ 'ಕೀವರ್ಡ್ಸ್' ಟ್ಯಾಗನ್ನು ರ‍್ಯಾಂಕಿಂಗಿಗೆ ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ, ಇವತ್ತಿಗೂ ಅದಕ್ಕೆ ದುಡ್ಡು ವಸೂಲಿ ಮಾಡುವವರಿದ್ದಾರೆ. ಮಾತಾಡಿದ ಹಾಗೆ ಬರೆಯಿರಿ. 'ಸೀರೆಗೆ ಕುಚ್ಚು, ಅಂದರೆ ಸ್ಯಾರಿ ಟ್ಯಾಸೆಲ್ಸ್, ಕೈಯಿಂದಲೇ ಕಟ್ಟಿಕೊಡುತ್ತೇವೆ. ಸರಳ ಕುಚ್ಚಿಗೆ ಎರಡು ದಿನ, ಮಣಿ ಹಾಕಿದ್ದಕ್ಕೆ ಒಂದು ವಾರ.' ಇದನ್ನೇ ಇಂಗ್ಲಿಷಿನಲ್ಲಿ ಬರೆದರೆ ಆಯಿತು, ಕೆಳಗೆ ಕನ್ನಡ ಲಿಪಿಯಲ್ಲೂ ಒಂದು ಪ್ಯಾರಾ ಇರಲಿ. ಯಾವ ಮಾತು ಸೇರಿಸಬೇಕು ಅಂತ ತಿಳಿಯಲು ದುಬಾರಿ ಸಾಫ್ಟ್‌ವೇರ್ ಬೇಕಾಗಿಲ್ಲ. ಕಳೆದ ಮೂರು ತಿಂಗಳಲ್ಲಿ ಗಿರಾಕಿಗಳು ನಿಮಗೆ ಕಳಿಸಿದ ಮೊದಲ ಮೆಸೇಜುಗಳನ್ನು ಓದಿ. ಅವರ ಪ್ರಶ್ನೆಯೇ ನಿಮ್ಮ ಪುಟದ ಶೀರ್ಷಿಕೆ.

ಇನ್ನೊಂದು ದೋಷ ನಮ್ಮವರ ಸೈಟುಗಳಲ್ಲಿ ಕಣ್ಣಿಗೆ ಹೊಡೆಯುತ್ತದೆ. ವಾಟ್ಸಾಪಿಗೆ ಮಾಡಿದ ಬಣ್ಣಬಣ್ಣದ ಫ್ಲೈಯರನ್ನೇ ತಂದು ಸೈಟಿನಲ್ಲಿ ಅಂಟಿಸಿರುತ್ತಾರೆ. ದರ, ಸಮಯ, ಫೋನು ಎಲ್ಲವೂ ಚಿತ್ರದೊಳಗೆ. ಅದನ್ನು ಗೂಗಲ್ ಪಠ್ಯದ ಹಾಗೆ ಓದುತ್ತದೆ ಅಂತ ನಂಬಿ ಕೂರಬೇಡಿ. ಚಿತ್ರ ಇರಲಿ, ಕೆಳಗೆ ಅದೇ ವಿಷಯವನ್ನು ಅಕ್ಷರದಲ್ಲೂ ಬರೆಯಿರಿ. ಫೋನಿನಿಂದ ತೆಗೆದ ಫೋಟೋಗಳನ್ನು ಚಿಕ್ಕದು ಮಾಡಿ ಹಾಕಿ, ಇಲ್ಲವಾದರೆ ಪುಟ ತೆರೆಯುವ ಹೊತ್ತಿಗೆ ಗಿರಾಕಿ ಹಿಂದಕ್ಕೆ ಹೋಗಿರುತ್ತಾರೆ. ವರ್ಡ್‌ಪ್ರೆಸ್ ಬಳಸುವವರು ಸೆಟ್ಟಿಂಗ್‌ನಲ್ಲಿ 'ಸರ್ಚ್ ಇಂಜಿನ್ನುಗಳಿಗೆ ಬೇಡ' ಅನ್ನುವ ಚೌಕದಲ್ಲಿ ಟಿಕ್ ಉಳಿದಿದೆಯೇ ನೋಡಿ. ಸೈಟು ಕಟ್ಟುವಾಗ ಹಾಕಿ, ಆಮೇಲೆ ತೆಗೆಯುವುದು ಮರೆತುಹೋಗುತ್ತದೆ. ಗೂಗಲ್ ಸರ್ಚ್ ಕನ್ಸೋಲ್ ಅನ್ನುವುದು ಪುಕ್ಕಟೆ. ಜನ ಯಾವ ಮಾತು ಹುಡುಕಿ ನಿಮ್ಮನ್ನು ಕಂಡರು ಅಂತ ಅದರಲ್ಲೇ ಗೊತ್ತಾಗುತ್ತದೆ.

ನಕ್ಷತ್ರ ಕೇಳುವುದು ಹೇಗೆ?

ಕೂಟದ ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ 'ಎಲ್ಲರೂ ನನಗೊಂದು ಫೈವ್ ಸ್ಟಾರ್ ಹಾಕ್ರಪ್ಪಾ' ಅಂತ ಕೇಳುವುದು ನಮಗೆ ಸಲೀಸು. ಬೆಂಗಳೂರಿನ ಅಕ್ಕನ ಮಗನೂ ಹಾಕುತ್ತಾನೆ, ಬ್ಲೌಸ್ ನೋಡೇ ಇಲ್ಲದಿದ್ದರೂ. ಇದು ಸ್ನೇಹ ಅಂತ ನಾವು ತಿಳಿದರೂ ಕಾನೂನು ಹಾಗೆ ತಿಳಿಯುವುದಿಲ್ಲ. ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ 2024ರ ಅಕ್ಟೋಬರ್ 21ರಿಂದ ಜಾರಿಯಲ್ಲಿದೆ. ಸುಳ್ಳು ರಿವ್ಯೂ ಬರೆಸುವುದು, ಕೊಳ್ಳುವುದು, ಹತ್ತಿರದ ಬಂಧುಗಳಿಂದ ಸಂಬಂಧ ಮುಚ್ಚಿಟ್ಟು ಬರೆಸುವುದು, ಹೆದರಿಸಿ ಕೆಟ್ಟ ರಿವ್ಯೂ ತೆಗೆಸುವುದು ಎಲ್ಲ ಅದರಲ್ಲಿ ಬರುತ್ತದೆ. ಗೊತ್ತಿದ್ದೂ ಮಾಡಿದರೆ ಒಂದೊಂದು ಉಲ್ಲಂಘನೆಗೂ ದಂಡ 50,000 ಡಾಲರ್ ದಾಟಬಹುದು. ಗೂಗಲ್ ತನ್ನ ಕಡೆಯಿಂದ ರಿವ್ಯೂ ಅಳಿಸಬಹುದು, ಹೊಸದು ಬಾರದ ಹಾಗೆ ತಡೆಯಬಹುದು, ಸುಳ್ಳು ರಿವ್ಯೂ ಸಿಕ್ಕಿವೆ ಅಂತ ಪ್ರೊಫೈಲಿನ ಮೇಲೇ ಎಚ್ಚರಿಕೆ ಹಾಕಬಹುದು. 'ರಿವ್ಯೂ ಹಾಕಿದರೆ ಐದು ಡಾಲರ್ ಕಡಿಮೆ' ಅನ್ನುವುದೂ ಗೂಗಲ್ ನಿಯಮಕ್ಕೆ ವಿರುದ್ಧ.

ನಿಜವಾಗಿ ಕೆಲಸ ಮಾಡಿಸಿಕೊಂಡವರನ್ನು ಕೇಳಿ, ಎಲ್ಲರನ್ನೂ ಕೇಳಿ, ಖುಷಿಯಾದವರನ್ನು ಮಾತ್ರ ಆರಿಸಿ ಅಲ್ಲ. ಬಟ್ಟೆ ಕೊಡುವಾಗ ರಿವ್ಯೂ ಲಿಂಕಿನ ಕ್ಯೂಆರ್ ಚೀಟಿ ಕೊಟ್ಟರೆ ಸಾಕು. ಯಾರಾದರೂ ಎರಡು ನಕ್ಷತ್ರ ಹಾಕಿ ಬೈದರೆ ಅದೇ ದಿನ ಉತ್ತರ ಬರೆಯಬೇಡಿ. ಮರುದಿನ ಎರಡು ಸಾಲು: ಏನಾಯಿತು, ಹೇಗೆ ಸರಿಪಡಿಸುತ್ತೀರಿ. ಅದನ್ನು ಓದುವವರು ಬೈದವರಲ್ಲ, ಮುಂದೆ ಬರುವ ಗಿರಾಕಿಗಳು.

ಫೋನು, ಪತ್ರ, ಮೊದಲ ಪುಟದ ಗ್ಯಾರಂಟಿ

ಸೈಟು ಶುರುವಾದ ವಾರದಲ್ಲೇ ಫೋನುಗಳು ಶುರು. 'ಗೂಗಲ್‌ನಿಂದ ಮಾತಾಡ್ತಿದೀವಿ, ನಿಮ್ಮ ಲಿಸ್ಟಿಂಗ್ ಬಂದ್ ಆಗುತ್ತೆ, ಒಂದು ಒತ್ತಿ.' ಇದೇ ಕೆಲಸ ಮಾಡುತ್ತಿದ್ದ ಫ್ಲೋರಿಡಾದ ಕಂಪನಿಯೊಂದರ ಮೇಲೆ 2018ರಲ್ಲಿ ಟ್ರೇಡ್ ಕಮಿಷನ್ ಮೊಕದ್ದಮೆ ಹೂಡಿತು. ಅಂಗಡಿ 'ಕಾಯಂ ಮುಚ್ಚಿದೆ' ಅಂತ ತೋರಿಸುತ್ತೇವೆ ಅಂತ ಹೆದರಿಸಿ ದುಡ್ಡು ಕೀಳುತ್ತಿದ್ದರು. ಬಿಸಿನೆಸ್ ಪ್ರೊಫೈಲಿಗೆ ಗೂಗಲ್ ದುಡ್ಡು ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಕಾಗದ ಅಂದರೆ ವೀಸಾದವರಿಗೆ ಎದೆ ಢವಢವ, ಅದು ಈ ಕಳ್ಳರಿಗೂ ಗೊತ್ತು. ಡೊಮೇನ್ ಹೆಸರಿಗೆ ಬಿಲ್ಲಿನ ಥರ ಪತ್ರ ಬಂದರೆ, ನೀವು ಡೊಮೇನ್ ಕೊಂಡ ಕಂಪನಿಯ ಹೆಸರೇ ಅದರಲ್ಲಿ ಇದೆಯೇ ನೋಡಿ. ಇಲ್ಲವಾದರೆ ಕಸದ ಬುಟ್ಟಿಗೆ.

ಒಂದು ತಿಂಗಳಲ್ಲಿ ಮೊದಲ ಸ್ಥಾನ ಅಂತ ಗ್ಯಾರಂಟಿ ಕೊಡುವವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ ಅಂತ ಗೂಗಲ್ ತಾನೇ ಬರೆದಿದೆ. ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತಲೂ ಹೇಳಿದೆ. ಕೆಲಸ ಗೊತ್ತಿರುವವರಿಗೆ ಕೊಡುವುದಾದರೆ ಕೊಡಿ, ಆದರೆ ಪ್ರೊಫೈಲಿನಲ್ಲಿ ಅವರನ್ನು 'ಮ್ಯಾನೇಜರ್' ಆಗಿ ಸೇರಿಸಿ, 'ಓನರ್' ನೀವೇ ಇರಿ. ಪಾಸ್‌ವರ್ಡ್ ಹಂಚಿಕೊಳ್ಳಬೇಡಿ.

ಇದೆಲ್ಲ ಮಾಡಿಕೊಂಡ ಮೇಲೆ ತಿಂಗಳಿಗೆ ಒಂದು ಗಂಟೆ ಸಾಕು. ಫೋನ್ ನಂಬರ್ ಸರಿಯಿದೆಯೇ, ಹಬ್ಬದ ರಜೆ ಹಾಕಿದೆಯೇ, ವರ್ಡ್‌ಪ್ರೆಸ್ ಅಪ್‌ಡೇಟ್ ಆಗಿದೆಯೇ, ಬ್ಯಾಕಪ್ಪಿನ ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ ಇದೆಯೇ ನೋಡಿ. ಇಎಡಿ ಅವಧಿ ಮುಗಿಯುವ ದಿನವನ್ನೂ ಡೊಮೇನ್ ಮುಗಿಯುವ ದಿನವನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೊಸ ಕಾರ್ಡ್ ತಡವಾಗಿ, ನಡುವೆ ಕೆಲಸ ನಿಲ್ಲಿಸಬೇಕಾಗಿ ಬಂದರೆ ಪ್ರೊಫೈಲನ್ನು ಅಳಿಸಬೇಡಿ. 'ತಾತ್ಕಾಲಿಕವಾಗಿ ಮುಚ್ಚಿದೆ' ಅನ್ನುವ ಆಯ್ಕೆ ಇದೆ, ರಿವ್ಯೂಗಳು ಉಳಿಯುತ್ತವೆ. ಸೈಟಿನಲ್ಲೂ ಆರ್ಡರ್ ಫಾರಂ ತೆಗೆದು, ಈಗ ಹೊಸ ಕೆಲಸ ತೆಗೆದುಕೊಳ್ಳುತ್ತಿಲ್ಲ ಅಂತ ಒಂದು ಸಾಲು ಹಾಕಿ, ಹಾಕಿದ ತಾರೀಖಿನ ಸಮೇತ.